ದುಡಿದು ಓದುವವರ ಕಾಲೇಜು

ಮುಂಬಯಿ ಕನ್ನಡಿಗರ ಏಳಿಗೆಯ ಕಥೆಯನ್ನು ಯಾರೇ ಹೇಳಲಿ, ರಾತ್ರಿ ಶಾಲೆಯ ಪ್ರಸ್ತಾಪ ಬಂದೇ ಬರುತ್ತದೆ. ಕರಾವಳಿಯಿಂದ ಬಂದ ಹುಡುಗರು ಹೋಟೆಲು, ಕ್ಯಾಂಟೀನುಗಳಲ್ಲಿ ಹಗಲೆಲ್ಲ ದುಡಿದು, ಸಂಜೆ ಆ ಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿ, ಮುಂದೆ ಗುಮಾಸ್ತರಾದರು, ವಕೀಲರಾದರು, ಹೋಟೆಲು ಮಾಲೀಕರಾದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. ಅದೇ ಬಿಲ್ಲವ ಸಮಾಜ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೂ ಕಟ್ಟಿತು. ವಾರ್ಷಿಕೋತ್ಸವಗಳಲ್ಲಿ ಇದನ್ನೆಲ್ಲ ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಆ ಶಾಲೆಗಳು ಯಾಕೆ ಫಲ ಕೊಟ್ಟವು ಎಂದು ಕೇಳಿಕೊಂಡದ್ದು ಕಡಿಮೆ. ಕೇಳಿಕೊಂಡಿದ್ದರೆ ಇವತ್ತು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕಾಲೇಜುಗಳ ಮುಂದೆ ನಾವು ಬೇರೆಯೇ ಬೇಡಿಕೆ ಇಡುತ್ತಿದ್ದೆವು.

ಅವು ಫಲ ಕೊಡಲು ಮೊದಲ ಕಾರಣ ಹೊತ್ತು. ಮುಂಬಯಿಯ ಫೋರ್ಟ್ ಭಾಗದ ಕಚೇರಿ ಕ್ಯಾಂಟೀನುಗಳು ಕಚೇರಿ ಬಿಡುವ ಹೊತ್ತಿಗೆ ಮುಚ್ಚುತ್ತಿದ್ದವು. ಕೊನೆಯ ಪಾತ್ರೆ ತೊಳೆದಿಟ್ಟ ಹುಡುಗ ಅರ್ಧ ಗಂಟೆಯಲ್ಲಿ ತರಗತಿಯಲ್ಲಿ ಕೂರಬಹುದಿತ್ತು, ಶಾಲೆ ನಡೆದು ಹೋಗುವಷ್ಟು ಹತ್ತಿರ. ಅವನ ಕೈಗೆ ಇನ್ನೂ ಈರುಳ್ಳಿಯ ವಾಸನೆ ಇರುತ್ತಿತ್ತು, ಎರಡನೆಯ ಪಿರಿಯಡ್ಡಿಗೆ ಕಣ್ಣು ಎಳೆಯುತ್ತಿತ್ತು. ಪಾಠ ಹೇಳುವ ಮಾಸ್ತರರು ಕೂಡ ಹಗಲು ಬೇರೆ ಕಡೆ ದುಡಿದು ಬಂದವರು, ತೂಕಡಿಸುವವನನ್ನು ಗದರುವ ಮುನ್ನ ಅವನ ಬೆಳಗು ಎಷ್ಟು ಗಂಟೆಗೆ ಶುರುವಾಗುತ್ತದೆಂದು ಬಲ್ಲವರು. ಫೀಸು ಇಲ್ಲ, ಅಥವಾ ಹೆಸರಿಗಷ್ಟೇ. ಇರುವುದು, ಉಣ್ಣುವುದು ಹೋಟೆಲಿನಲ್ಲೇ. ಎಲ್ಲಕ್ಕಿಂತ ಮುಖ್ಯವಾಗಿ, ಸಂಜೆ ಅವನನ್ನು ಬಿಡಲು ಮಾಲೀಕ ಒಪ್ಪಿರುತ್ತಿದ್ದ. ಅನೇಕ ಬಾರಿ ಆ ಮಾಲೀಕನೇ ಅಂಥ ಶಾಲೆಯಲ್ಲಿ ಕಲಿತು ಮೇಲೆ ಬಂದವನಾಗಿರುತ್ತಿದ್ದ. ಶಾಲೆ, ಮಾಲೀಕ, ಊರಿನ ಹಿರಿಯರು ಮೂವರೂ ಸೇರಿ ಒಬ್ಬ ಬಡ ಹುಡುಗನ ದಿನಚರಿಯನ್ನು ಎದುರಿಗಿಟ್ಟುಕೊಂಡು ವಿದ್ಯೆಗೆ ಜಾಗ ಮಾಡಿದ್ದರು.

ಆ ಕಾಲವನ್ನು ಹೊಗಳಿ ಹಾಡುವ ಉದ್ದೇಶ ನನಗಿಲ್ಲ. ಆ ಹುಡುಗರಲ್ಲಿ ಬಹಳ ಜನ ಮಕ್ಕಳು. ಹನ್ನೊಂದು, ಹನ್ನೆರಡು ವಯಸ್ಸಿಗೆ ಮನೆ ಬಿಟ್ಟು ಬಂದು ಬೆಳಗಿನ ಜಾವದಿಂದ ದುಡಿಯುತ್ತಿದ್ದವರು. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕರ ಕೆಳಗಿನವರನ್ನು ದುಡಿಸುವುದು ನಿಷೇಧವಾಯಿತು, ಆಗಬೇಕಾದ್ದೇ ಆಯಿತು. ಕರಾವಳಿಯಲ್ಲೇ ಶಾಲೆ ಕಾಲೇಜುಗಳು ಬೆಳೆದವು, ಮುಂಬಯಿಗೆ ಓಡಿಬರುವ ಹುಡುಗರು ಕಡಿಮೆಯಾದರು, ಫೋರ್ಟಿನ ಸುತ್ತ ಬಾಡಿಗೆ ಕೊಟ್ಟು ಬದುಕುವುದು ಅಸಾಧ್ಯವಾಯಿತು. ರಾತ್ರಿ ಶಾಲೆಗಳು ಸೊರಗಿದ್ದಕ್ಕೆ ಇವೆಲ್ಲ ಸಾಕು. ಆ ಕಟ್ಟಡಗಳಲ್ಲಿ ಮತ್ತೆ ದೀಪ ಹಚ್ಚಬೇಕೆಂದು ನಾನು ಕೇಳುತ್ತಿಲ್ಲ. ಓದುವವನು ದುಡಿಯುವವನೂ ಹೌದು ಎಂದು ಒಪ್ಪಿಕೊಂಡು ವಿದ್ಯೆಯ ಹೊತ್ತುಗೊತ್ತನ್ನು ಗೊತ್ತುಮಾಡಿದ ಅವರ ವಿವೇಕ ನಮ್ಮ ಕಾಲೇಜುಗಳಿಗೆ ಬರಬೇಕು ಎಂಬುದಷ್ಟೇ ನನ್ನ ವಾದ.

ಬಡ ವಿದ್ಯಾರ್ಥಿ ಈಗ ಇರುವುದು ಮಧ್ಯ ರೈಲ್ವೆಯ ಹಳಿಗುಂಟ. 2011ರ ಜನಗಣತಿಯ ಪ್ರಕಾರ ಥಾಣೆ ನಗರದಲ್ಲಿ 18 ಲಕ್ಷ, ಕಲ್ಯಾಣ-ಡೊಂಬಿವಲಿಯಲ್ಲಿ 12 ಲಕ್ಷ, ನವಿಮುಂಬಯಿಯಲ್ಲಿ 11 ಲಕ್ಷ ಮಂದಿ ಇದ್ದರು, ಆಮೇಲೆ ಎಷ್ಟು ಕಟ್ಟಡ ಎದ್ದಿವೆ ಎಂದು ಕಲ್ಯಾಣ-ಶೀಳ್ ರಸ್ತೆಯಲ್ಲಿ ಹೋದವರಿಗೆ ಹೇಳಬೇಕಿಲ್ಲ. ಕಾಲೇಜುಗಳಿಗೂ ಕೊರತೆಯಿಲ್ಲ. ಕಲ್ಯಾಣದ ಬಿರ್ಲಾ ಕಾಲೇಜಿಗೆ ಐವತ್ತು ವರ್ಷ ದಾಟಿದೆ. ಡೊಂಬಿವಲಿಯ ಪೆಂಢರಕರ್ ಕಾಲೇಜು ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲೇ ಇದೆ. ಮಲಯಾಳಿಗಳ ಕೇರಳೀಯ ಸಮಾಜ ಮಾಡೆಲ್ ಕಾಲೇಜನ್ನು ನಡೆಸುತ್ತದೆ; ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೂ ವಾಣಿಜ್ಯ ಕಾಲೇಜನ್ನೂ ನಡೆಸುತ್ತದೆ. ಇಲ್ಲಿನ ಪದವಿ ತರಗತಿಗಳಲ್ಲಿ ಕೂತ ಮಕ್ಕಳಲ್ಲಿ ಒಂದು ದೊಡ್ಡ ಪಾಲು ಬೆಳಿಗ್ಗೆ ಏಳಕ್ಕೆ ಹಾಜರಿ ಹಾಕಿಸಿ, ಹನ್ನೊಂದಕ್ಕೆ ಹೊರಬಿದ್ದು, ಮೊಬೈಲ್ ಅಂಗಡಿಯಲ್ಲೋ ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲೋ ಕೊರಿಯರ್ ಗೋದಾಮಿನಲ್ಲೋ ರಾತ್ರಿಯವರೆಗೆ ನಿಲ್ಲುತ್ತದೆ. ಮೊದಲ ವರ್ಷ ಒಂದು ವಿಷಯ ಫೇಲಾಗಿ ಕೆಟಿ ಬೀಳುತ್ತದೆ, ಎರಡನೆಯ ವರ್ಷ ಮೂರಾಗುತ್ತದೆ, ಮೂರನೆಯ ವರ್ಷಕ್ಕೆ ಬರುವ ಮೊದಲೇ ಹೆಸರು ಹಾಜರಿ ಪುಸ್ತಕದಿಂದ ಮಾಯವಾಗುತ್ತದೆ. ಈ ಮಕ್ಕಳಿಗೆ ಕೆಲಸದ ಅಭ್ಯಾಸ ಇಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅವರು ದಿನಕ್ಕೆ ಎಂಟು ಗಂಟೆ ಕೆಲಸವನ್ನೇ ಮಾಡುತ್ತಿದ್ದಾರೆ. ಆ ಕೆಲಸ ಮುಂದಿನ ಒಂದು ಮೆಟ್ಟಿಲಿಗೂ ಏರಿಸುವುದಿಲ್ಲ, ಕಾಲೇಜು ಅದನ್ನು ಲೆಕ್ಕಕ್ಕೂ ಹಿಡಿಯುವುದಿಲ್ಲ.

ಸರಕಾರದ ಯೋಜನೆಗಳೋ ಬೇಕಾದಷ್ಟಿವೆ. ಆದರೆ ಒಂದೊಂದರ ಅರ್ಹತೆಯ ಕಲಮುಗಳನ್ನು ಓದುತ್ತ ಹೋದರೆ ಹೀಗೆ ದುಡಿದು ಓದುವ ಹುಡುಗಿ ಎಲ್ಲಿ ಜಾರಿಬೀಳುತ್ತಾಳೆಂದು ತಿಳಿಯುತ್ತದೆ. 2024ರ ಅಕ್ಟೋಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಆಗ ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿತು, ದೊಡ್ಡ ಕಂಪನಿಗಳ ಬಾಗಿಲು ತೆರೆಸಿತು. ಆದರೆ ಅದನ್ನು ತಂದದ್ದು 21ರಿಂದ 24ರ ವಯಸ್ಸಿನವರಿಗೆ, ಅದರಲ್ಲೂ ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆ. ಅದೇ ವರ್ಷ ಮಹಾರಾಷ್ಟ್ರ ಸರಕಾರ ತಂದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆ ಹನ್ನೆರಡನೆಯದು ಮುಗಿಸಿದವರಿಗೆ 6,000, ಐಟಿಐ ಅಥವಾ ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 10,000 ರೂಪಾಯಿ ಗೊತ್ತುಮಾಡಿತು. ಮೊದಲು ಆರು ತಿಂಗಳಿದ್ದ ಅವಧಿ ಆಮೇಲೆ ಹನ್ನೊಂದಕ್ಕೆ ಏರಿತು. ಅವಧಿ ಮುಗಿದವರು ಮುಂದೇನು ಎಂದು ಕೇಳುತ್ತ ಬೀದಿಗಿಳಿದದ್ದನ್ನೂ ನೋಡಿದೆವು. ಎರಡೂ ಯೋಜನೆಗಳು ಓದು ಮುಗಿದ ಮೇಲೆ, ಇಲ್ಲವೇ ಓದು ಬಿಟ್ಟ ಮೇಲೆ ಕೈಹಿಡಿಯಲೆಂದೇ ಹುಟ್ಟಿದವು. ಬಡ ಮನೆಯ ಹುಡುಗಿಗೆ ದುಡ್ಡು ಬೇಕಾದದ್ದು ಓದುತ್ತಿರುವಾಗ. ಆ ಮೂರು ವರ್ಷ ದಾಟಿಸುವವರು ಯಾರೂ ಇಲ್ಲದ್ದರಿಂದಲೇ ಅವಳು ನಡುವೆ ಬಿಡುತ್ತಾಳೆ.

ಹೊಸ ಶಿಕ್ಷಣ ನೀತಿಯ ಪ್ರಕಾರ ಪದವಿಯಲ್ಲೇ ಕೆಲಸದ ಅನುಭವ ಸೇರಿದೆಯಲ್ಲ ಎಂದು ಕೇಳಬಹುದು. ಸೇರಿದೆ. ಕೊನೆಯ ವರ್ಷಕ್ಕೆ ನಾಲ್ಕು ಕ್ರೆಡಿಟ್ಟಿನ ಓಜೆಟಿ, ಅಂದರೆ ಕೆಲಸದ ಜಾಗದಲ್ಲೇ ತರಬೇತಿ, ಇದೆ. ಅದು ಹೇಗೆ ಮುಗಿಯುತ್ತದೆ ಎಂದು ಮಕ್ಕಳನ್ನೇ ಕೇಳಿ. ಪರಿಚಯದ ಸಿಎ ಇದ್ದವರು ಅವರ ಆಫೀಸಿಗೆ ಹೋಗಿ ನಿಜವಾಗಿ ಏನಾದರೂ ಕಲಿಯುತ್ತಾರೆ. ಇಲ್ಲದವರು ಯಾವುದೋ ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ಒಂದು ಸರ್ಟಿಫಿಕೇಟು ಬರೆಸಿಕೊಂಡು ಬರುತ್ತಾರೆ. ಕೆಲಸ ಹುಡುಕುವ ಹೊಣೆಯನ್ನು ಕಾಲೇಜು ವಿದ್ಯಾರ್ಥಿಯ ಮೇಲೆ ಹಾಕಿದೊಡನೆ, ಅಪ್ಪನಿಗೆ ಯಾರು ಗೊತ್ತು ಎಂಬುದೇ ಅಂಕವಾಗುತ್ತದೆ. ಸಮಾನ ಅವಕಾಶಕ್ಕೆಂದು ತಂದ ಕಲಮು ಹೀಗೆ ಅಸಮಾನತೆಗೆ ಮೊಹರು ಒತ್ತುತ್ತದೆ.

ಇದಕ್ಕಿಂತ ಗಟ್ಟಿಯಾದ ದಾರಿ ಕಾನೂನಿನಲ್ಲೇ ಇದೆ, ಅದೂ ಹಳೆಯದು. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮಗಳ ಪ್ರಕಾರ ಮೂವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಪ್ರತಿಯೊಂದು ಸಂಸ್ಥೆಯೂ ಒಟ್ಟು ಬಲದ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ ಮೂವತ್ತರೊಳಗಿನವರು ಬಯಸಿದರೆ ತೆಗೆದುಕೊಳ್ಳಬಹುದು. ಕನಿಷ್ಠ ಸ್ಟೈಪೆಂಡನ್ನು ನಿಯಮವೇ ಗೊತ್ತುಮಾಡಿದೆ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಡಿ ಅದರ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯವರೆಗೆ, ಕೇಂದ್ರ ಸರಕಾರ ಭರಿಸುತ್ತದೆ. ಪದವಿಯ ಒಳಗೇ ಅಪ್ರೆಂಟಿಸ್‌ಗಿರಿಯನ್ನು ಸೇರಿಸಲು ಯುಜಿಸಿ 2020ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು, ಮಾಡಿದ ಕೆಲಸದ ಅನುಭವವನ್ನು ಪರೀಕ್ಷಿಸಿ ಕ್ರೆಡಿಟ್ ಕೊಡಲು ಅವಕಾಶ ಕೊಟ್ಟಿದೆ. ಅಂದರೆ ಅಂಗಡಿಯಲ್ಲಿ ಎರಡು ವರ್ಷದಿಂದ ಟ್ಯಾಲಿಯಲ್ಲಿ ಲೆಕ್ಕ ಏರಿಸಿ ಜಿಎಸ್‌ಟಿ ರಿಟರ್ನಿಗೆ ಬಿಲ್ಲು ಹೊಂದಿಸುವ ಹುಡುಗನನ್ನು ಕಾಲೇಜು ಕೂರಿಸಿ, ಪರೀಕ್ಷಿಸಿ, ಅವನು ಬಲ್ಲದ್ದಕ್ಕೆ ಅಂಕ ಕೊಡಬಹುದು. ಅವನಿಗೆ ಅಕೌಂಟೆನ್ಸಿಯ ತತ್ತ್ವ ಗೊತ್ತಿಲ್ಲದಿದ್ದರೆ ಅದನ್ನು ಕಲಿಸಬಹುದು. ಈಗ ನಡೆಯುತ್ತಿರುವುದು ತದ್ವಿರುದ್ಧ. ಅಂಗಡಿಯಲ್ಲಿ ಅದನ್ನೇ ಮಾಡಿ ತಡವಾಗಿ ಬಂದದ್ದಕ್ಕೆ ಅವನ ಹಾಜರಿ ಕತ್ತರಿಸಿ, ಅದೇ ವಿಷಯದಲ್ಲಿ ಕೆಟಿ ಕೊಡುತ್ತೇವೆ.

ಕಾನೂನು ಇದ್ದೂ ಕೆಲಸ ಯಾಕೆ ಆಗುವುದಿಲ್ಲ? ನನ್ನ ಮಟ್ಟಿಗೆ ಉತ್ತರ ಸರಳ. ಎಂಐಡಿಸಿಯ ಗೇಟಿಗೆ ಹೋಗಿ ಮ್ಯಾನೇಜರನ ಎದುರು ಕೂತು, ಎಷ್ಟು ಮಂದಿ ಬೇಕು, ಯಾವ ಹೊತ್ತಿಗೆ, ಏನು ಕಲಿಸುತ್ತೀರಿ, ಎಷ್ಟು ಕೊಡುತ್ತೀರಿ ಎಂದು ಮಾತಾಡಿ ಬರುವ ಮನುಷ್ಯ ಕಾಲೇಜಿನಲ್ಲಿ ಇಲ್ಲ. ಪ್ಲೇಸ್‌ಮೆಂಟ್ ಸೆಲ್ ಎಂದು ಬೋರ್ಡು ಇರುತ್ತದೆ. ಅದರ ಹೊಣೆ ವಾರಕ್ಕೆ ಹದಿನಾರು ಪಿರಿಯಡ್ಡಿನ ಜೊತೆಗೆ ಪರೀಕ್ಷೆ, ನ್ಯಾಕ್ ಕಡತಗಳನ್ನೂ ನೋಡುವ ಒಬ್ಬ ಅಧ್ಯಾಪಕರ ಹೆಗಲಿಗಿರುತ್ತದೆ. ಐನೂರು ಮಕ್ಕಳಿಗೆ ಇಬ್ಬರನ್ನು ಪೂರ್ತಿ ಸಂಬಳ ಕೊಟ್ಟು ಈ ಒಂದು ಕೆಲಸಕ್ಕೇ ನೇಮಿಸಬೇಕು. ಹೊಸ ಕಟ್ಟಡಕ್ಕೆ ದಾನಿಗಳ ಹೆಸರು ಕೆತ್ತಿಸುವ ನಾವು ಇಂಥ ಇಬ್ಬರ ಸಂಬಳಕ್ಕೆ ದಾನ ಕೇಳುವುದಿಲ್ಲ, ಅದಕ್ಕೆ ಕಲ್ಲು ಹಾಕಿಸಲು ಬರುವುದಿಲ್ಲವಲ್ಲ.

ಇನ್ನೊಂದು ರೈಲಿನ ಸಂಗತಿ. ಇದು ಸಣ್ಣದೆಂದು ತೋರಬಹುದು, ಹಾಗಲ್ಲ. ವಿದ್ಯಾರ್ಥಿಗಳ ರಿಯಾಯಿತಿ ಪಾಸು ಸಿಗುವುದು ಮನೆಯ ಸ್ಟೇಶನ್ನಿನಿಂದ ಕಾಲೇಜಿನ ಸ್ಟೇಶನ್ನಿಗೆ. ಕೆಲಸ ಐರೋಲಿಯಲ್ಲಿದ್ದರೆ ಆ ದಾರಿ ಅವರ ಕಿಸೆಗೆ. ಕಲ್ಯಾಣದಿಂದ ಹೊರಟವರು ಥಾಣೆಯಲ್ಲಿ ಇಳಿದು ಗಾಡಿ ಬದಲಿಸಬೇಕು. 2025ರ ಜೂನ್ 9ರ ಬೆಳಿಗ್ಗೆ ಅದೇ ದಾರಿಯ ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದವರು ಹಳಿಗೆ ಬಿದ್ದು ಸತ್ತರು. ಈ ದಾರಿಯಲ್ಲಿ ದಿನಾ ಹೋಗಿಬರುವವರಿಗೆ ಅದೊಂದು ಸುದ್ದಿಯಷ್ಟೇ ಆಗಿರಲಿಲ್ಲ. ಓಡಾಟಕ್ಕೂ ನೆರವು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಒಂದು ಉದಾಹರಣೆ ಇದೆ. ನ್ಯೂಯಾರ್ಕಿನ ನಗರ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಕಮ್ಯೂನಿಟಿ ಕಾಲೇಜುಗಳ ಬಡ ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಕ್ರಮ ಶುರುಮಾಡಿತು. ಪ್ರತಿಯೊಬ್ಬರಿಗೂ ಸಲಹೆಗಾರರು, ಉದ್ಯೋಗ ಮಾರ್ಗದರ್ಶನ, ಉಳಿದ ಫೀಸಿನ ಮನ್ನಾ, ಪುಸ್ತಕಕ್ಕೆ ನೆರವು, ಜೊತೆಗೆ ಮೆಟ್ರೋ ರೈಲಿನ ಉಚಿತ ಪಾಸು. ಅದನ್ನು ಕಟ್ಟುನಿಟ್ಟಾಗಿ ಅಳೆದು ನೋಡಿದ ಅಧ್ಯಯನದಲ್ಲಿ ಮೂರು ವರ್ಷದೊಳಗೆ ಓದು ಮುಗಿಸಿದವರು ಶೇಕಡಾ 40, ಅದೇ ಬಗೆಯ ಇತರರಲ್ಲಿ ಶೇಕಡಾ 22. ಪಠ್ಯಪುಸ್ತಕ ಬದಲಾಗಲಿಲ್ಲ, ಮಕ್ಕಳೂ ಬೇರೆಯವರಲ್ಲ. ಪಾಸು, ಪುಸ್ತಕ, ಹೆಸರು ಹಿಡಿದು ವಿಚಾರಿಸುವ ಒಬ್ಬ ಮನುಷ್ಯ ಇಷ್ಟು ಸೇರಿ ಫಲಿತಾಂಶವನ್ನು ಎರಡುಪಟ್ಟಿನ ಹತ್ತಿರಕ್ಕೆ ಒಯ್ದವು. ನಮ್ಮ ರಾತ್ರಿ ಶಾಲೆಯ ಮಾಸ್ತರರಿಗೆ ಇದನ್ನು ಓದಿ ಹೇಳಿದ್ದರೆ ಅವರಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ಕೆಲಸ ಕಲಿಸುವುದು ಕಾಲೇಜಿನ ಕೆಲಸವೇ ಎಂಬ ಆಕ್ಷೇಪ ಗಂಭೀರವಾದದ್ದು. ಕಂಪನಿಗಳಿಗೆ ಕೂಲಿಯಾಳು ತಯಾರಿಸಿ ಕೊಡುವುದಕ್ಕೆ ವಿಶ್ವವಿದ್ಯಾಲಯ ಹುಟ್ಟಿಲ್ಲ, ಬಡವರ ಮಕ್ಕಳಿಗೆ ಕಸುಬು, ಉಳ್ಳವರ ಮಕ್ಕಳಿಗೆ ತತ್ತ್ವಶಾಸ್ತ್ರ ಎಂಬ ಹಂಚಿಕೆ ಹಳೆಯ ವರ್ಣವ್ಯವಸ್ಥೆಯದೇ ಹೊಸ ರೂಪ ಎಂದು ನನ್ನ ಕೆಲವು ಗೆಳೆಯರು ಹೇಳುತ್ತಾರೆ. ಆ ಭಯ ನನಗೂ ಇದೆ. ಆದರೆ ಈ ನೆಲದಲ್ಲೇ ಅದಕ್ಕೆ ಉತ್ತರ ಕೊಟ್ಟವರಿದ್ದಾರೆ. ಡಾ. ಅಂಬೇಡ್ಕರ್ 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ, ನೌಕರಿಗೆ ಹೋಗುವ ಬಡ ವಿದ್ಯಾರ್ಥಿಗಳಿಗಾಗಿ ಬೆಳಗಿನ ಹೊತ್ತು ತರಗತಿ ಇಡಿಸಿದರು. ಕಲಿಸಿದ್ದು ಅದೇ ಪದವಿ, ಒಂದು ಅಕ್ಷರವನ್ನೂ ಕಡಿಮೆ ಮಾಡದೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಶುರುಮಾಡಿದ ಕರ್ಮವೀರ ಭಾವೂರಾವ್ ಪಾಟೀಲರು ದುಡಿದು ಕಲಿಯುವುದನ್ನೇ ತಮ್ಮ ಶಾಲೆಗಳ ನಡೆಯಾಗಿ ಮಾಡಿದರು. ಅವರ ಹೆಸರಿನ ರಯತ್ ಕಾಲೇಜು ಇವತ್ತು ವಾಶಿಯಲ್ಲೇ ಇದೆ. ನಮ್ಮ ಸಾಹಿತ್ಯವನ್ನೇ ನೋಡಿ. ಯಶವಂತ ಚಿತ್ತಾಲರು ಈ ಊರಿನಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದುಕೊಂಡೇ ಬರೆದರು, ಜಯಂತ ಕಾಯ್ಕಿಣಿ ಔಷಧ ಕಂಪನಿಗಳಲ್ಲಿ ಕೆಮಿಸ್ಟರಾಗಿದ್ದುಕೊಂಡು ಬರೆದರು. ಕೈಗೆ ಕಸುಬು ಬಂದರೆ ಮನಸ್ಸು ಮುದುಡುತ್ತದೆ ಎಂಬ ಮಾತನ್ನು ಮುಂಬಯಿ ಕನ್ನಡದ ಓದುಗರಂತೂ ನಂಬಬಾರದು. ಅಪಾಯ ಇರುವುದು ಕಸುಬನ್ನು ಪದವಿಯಿಂದ ಬೇರ್ಪಡಿಸಿ ಮೂರು ತಿಂಗಳ ಸರ್ಟಿಫಿಕೇಟು ಮಾಡಿ ಕೊಡುವುದರಲ್ಲಿ. ಹಾಗೆ ಕೊಟ್ಟ ಕಾಗದ ಮುಂದಿನ ಬಾಗಿಲನ್ನು ತೆರೆಯುವುದಿಲ್ಲ.

ಅಪ್ರೆಂಟಿಸ್ ಎಂದು ಕರೆದು ಅಗ್ಗದ ಆಳಾಗಿ ದುಡಿಸಿಕೊಳ್ಳುವ ಭಯವೂ ನಿಜ. ಹೋಟೆಲಿನಲ್ಲಿ ಒಂದು ವರ್ಷ ಮೋರಿಯಲ್ಲಿ ಗ್ಲಾಸು ತೊಳೆಸಿದರೆ ಅದು ತರಬೇತಿಯಲ್ಲ. ಅಡುಗೆಮನೆಯ ಲೆಕ್ಕ, ಖರೀದಿ, ಆಹಾರ ಸುರಕ್ಷತೆಯ ನಿಯಮ, ಗಲ್ಲಾ, ಆನ್‌ಲೈನ್ ಆರ್ಡರಿನ ವ್ಯವಹಾರ ಇಷ್ಟನ್ನೂ ಹಂತಹಂತವಾಗಿ ಕೈಗೆ ಕೊಟ್ಟರೆ ಮಾತ್ರ ತರಬೇತಿ. ಕಾರ್ಖಾನೆಗಳಲ್ಲಿ ಇದು ಜೀವದ ಪ್ರಶ್ನೆ. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ 26ರಂದು ಪ್ರೋಬೇಸ್ ಕಾರ್ಖಾನೆ ಸ್ಫೋಟಿಸಿತು, 2024ರ ಮೇ 23ರಂದು ಅಮುದಾನ್ ಕೆಮಿಕಲ್ಸ್ ಸ್ಫೋಟಿಸಿತು; ಎರಡೂ ಸಲ ಹತ್ತಕ್ಕೂ ಹೆಚ್ಚು ಜನ ಸತ್ತರು, ದೂರದ ಮನೆಗಳ ಗಾಜುಗಳು ಪುಡಿಯಾದವು. ರಿಯಾಕ್ಟರಿನ ಪಕ್ಕ ನಿಲ್ಲುವವನಿಗೆ ಒಳಗೆ ಏನು ಕುದಿಯುತ್ತಿದೆ, ಗೇಜಿನ ಮುಳ್ಳು ಎಲ್ಲಿಗೆ ಬಂದರೆ ಓಡಬೇಕು ಎಂದು ತಿಳಿದಿರಬೇಕು. ಅದಕ್ಕಿಂತ ಮುಖ್ಯವಾಗಿ, ಈ ಪಾಳಿಯಲ್ಲಿ ನಾನು ಇದನ್ನು ಚಾಲೂ ಮಾಡುವುದಿಲ್ಲ ಎಂದು ಹೇಳುವ ಧೈರ್ಯ ಇರಬೇಕು. ಆ ಧೈರ್ಯ ರಸಾಯನಶಾಸ್ತ್ರ ಓದಿದವನಿಗೆ, ಹಿಂದೆ ಒಂದು ಕಾಲೇಜು ನಿಂತಿರುವವನಿಗೆ ಬರುವಷ್ಟು ಸುಲಭವಾಗಿ ಗುತ್ತಿಗೆದಾರ ಬೆಳಿಗ್ಗೆ ಕೂಲಿಯವರು ಕಾದು ನಿಲ್ಲುವ ನಾಕಾದಿಂದ ಕರೆತಂದವನಿಗೆ ಬರುವುದಿಲ್ಲ. ಆದ್ದರಿಂದ ಸುರಕ್ಷತೆಯ ಪಾಠ ಮುಗಿಯದೆ ಯಾವ ವಿದ್ಯಾರ್ಥಿಯೂ ಕಾರ್ಖಾನೆಯ ಒಳಗೆ ಕಾಲಿಡಬಾರದು. ಕಾಲೇಜಿನವರು ತಿಂಗಳಿಗೊಮ್ಮೆ ಹೋಗಿ ನೋಡಬೇಕು, ಸರಿಯಿಲ್ಲದಿದ್ದರೆ ಮಕ್ಕಳನ್ನು ವಾಪಸು ಕರೆಸಬೇಕು.

ಕೆಲಸಗಳೂ ಬದಲಾಗಿವೆ. ಥಾಣೆ-ಬೇಲಾಪುರ ರಸ್ತೆಯ ಹಳೆಯ ಕಾರ್ಖಾನೆಗಳ ಜಾಗದಲ್ಲಿ ಐಟಿ ಪಾರ್ಕು, ಡೇಟಾ ಸೆಂಟರುಗಳು ಬಂದಿವೆ. ಡೇಟಾ ಸೆಂಟರಿಗೆ ಎಂಜಿನಿಯರರಷ್ಟೇ ಸಾಲದು, ಹಗಲಿರುಳು ವಿದ್ಯುತ್ತು, ಏಸಿ, ಅಗ್ನಿಶಾಮಕ ವ್ಯವಸ್ಥೆ ನೋಡಿಕೊಳ್ಳುವವರು ಬೇಕು. ಭಿವಂಡಿಯ ಗೋದಾಮುಗಳಿಗೆ ಸ್ಟಾಕಿನ ಲೆಕ್ಕ ಬಲ್ಲವರು ಬೇಕು. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿಮುಂಬಯಿ ವಿಮಾನ ನಿಲ್ದಾಣದ ಸರಕು ವಿಭಾಗ, ನೆಲಸೇವೆ, ಹೋಟೆಲುಗಳು ಇನ್ನೂ ಬೆಳೆಯುತ್ತಿವೆ. ಈ ನೆಲಕ್ಕೂ ಒಂದು ಇತಿಹಾಸವಿದೆ. 1970ರಲ್ಲಿ ನವಿಮುಂಬಯಿ ಕಟ್ಟಲು ಸಿಡ್ಕೋ ನಿಗಮ ಬಂದಾಗ ಇಲ್ಲಿನ ಆಗ್ರಿ, ಕೋಲಿ ಸಮುದಾಯಗಳ ರೈತರು ಜಮೀನು ಕೊಟ್ಟರು. ಅದಕ್ಕೆ ನ್ಯಾಯ ಕೇಳಿದ್ದಕ್ಕೆ 1984ರ ಜನವರಿಯಲ್ಲಿ ಜಾಸಯಿ ಆಸುಪಾಸಿನಲ್ಲಿ ಗುಂಡೇಟಿಗೆ ಐವರು ಸತ್ತರು. ಆ ಊರುಗಳ ಮೊಮ್ಮಕ್ಕಳು ವಿಮಾನ ನಿಲ್ದಾಣದಲ್ಲಿ ಸಾಮಾನು ಎತ್ತುವವರಾಗಿ ಉಳಿದರೆ ಅದು ಎರಡನೆಯ ಅನ್ಯಾಯ. ಮೊದಲ ಹಕ್ಕು ಅವರದು, ನಾವು ಹೊರಗಿನಿಂದ ಬಂದವರು ಅದನ್ನು ಮರೆಯಬಾರದು.

ನಮ್ಮವರ ವಿಷಯಕ್ಕೆ ಬಂದರೆ, ಮುಂಬಯಿ ಕನ್ನಡಿಗ ಎಂದಾಗ ಕರಾವಳಿಯ ಮುಖವೇ ನಮ್ಮ ಕಣ್ಣೆದುರು ಬರುತ್ತದೆ. ಆದರೆ ನವಿಮುಂಬಯಿಯ ಕಟ್ಟಡಗಳಿಗೆ ಕಾಂಕ್ರೀಟು ಹೊತ್ತವರಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯವರು ಬಹಳ. ಕರಾವಳಿಯವರು ಘಟ್ಟದ ಮೇಲಿನವರು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಈ ಜನರ ಮಕ್ಕಳು ಇಲ್ಲೇ ಹುಟ್ಟಿ, ಇಲ್ಲಿನ ಮುನ್ಸಿಪಲ್ ಶಾಲೆಯಲ್ಲಿ ಓದಿ, ಹನ್ನೆರಡನೆಯದು ಮುಗಿಸಿದಾಗ ಒಂದು ವಿಚಿತ್ರ ಗೋಡೆಗೆ ಮುಟ್ಟುತ್ತಾರೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಲಂಬಾಣಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಯ ಪಟ್ಟಿಯಲ್ಲಿದ್ದಾನೆ. ಆ ಪಟ್ಟಿಯ ಸೌಲಭ್ಯಕ್ಕೆ 1961ರ ನವೆಂಬರ್ 21ಕ್ಕೂ ಮೊದಲಿನಿಂದ ಕುಟುಂಬ ಈ ರಾಜ್ಯದಲ್ಲಿತ್ತು ಎಂಬ ಪುರಾವೆ ಬೇಕು. ಪರಿಶಿಷ್ಟ ಜಾತಿಗಳಿಗೆ ಆ ಗಡುವು 1950ರ ಆಗಸ್ಟ್ 10. ಒಂದು ರಾಜ್ಯದ ಪರಿಶಿಷ್ಟ ಸ್ಥಾನಮಾನ ವಲಸೆ ಹೋದ ರಾಜ್ಯದಲ್ಲಿ ನಡೆಯದು ಎಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಎಂಬತ್ತರ ದಶಕದಲ್ಲಿ ಬರಗಾಲಕ್ಕೆ ಊರು ಬಿಟ್ಟವರ ಮೊಮ್ಮಗಳು ಫೀಸು ಮಾಫಿಯ ಫ್ರೀಶಿಪ್ ಅರ್ಜಿಗೆ 1961ರ ಕಾಗದ ಎಲ್ಲಿಂದ ತರಬೇಕು? ಅವಳ ಪಾಲಿಗೆ ಅಪ್ರೆಂಟಿಸ್ ಸ್ಟೈಪೆಂಡು ಒಂದು ಹೆಚ್ಚಿನ ಅನುಕೂಲವಲ್ಲ, ಪದವಿ ಮುಗಿಸಲು ಇರುವ ಒಂದೇ ದಾರಿ. ಅಪ್ರೆಂಟಿಸ್ ಆಗಲು ಯಾರೂ ಅವಳಿಂದ ಅಜ್ಜನ ವಾಸ್ತವ್ಯದ ದಾಖಲೆ ಕೇಳುವುದಿಲ್ಲ.

ಅದಕ್ಕೇ ನಮ್ಮ ಸಂಘಗಳ ಮೇಲೆ ನನಗೆ ಆಗ್ರಹ. ರಾತ್ರಿ ಶಾಲೆಗಳು ಬಹುಪಾಲು ಒಂದೊಂದು ಸಮಾಜದ ಹಿರಿಯರು ತಮ್ಮ ಊರಿನ ಹುಡುಗರಿಗಾಗಿ ಕಟ್ಟಿದವು. ಬಾಗಿಲು ಎಲ್ಲರಿಗೂ ತೆರೆದಿತ್ತು ನಿಜ, ಆದರೆ ಕರುಳು ಹರಿದದ್ದು ಊರಿನವರ ಕಡೆಗೆ. ಆ ಊರಿನವರು ಈಗ ನೆಲೆಯೂರಿದ್ದಾರೆ. ಥಾಣೆ, ಡೊಂಬಿವಲಿ, ವಾಶಿಗಳಲ್ಲಿ ನಮ್ಮವರ ಹೋಟೆಲುಗಳಿವೆ, ಬ್ಯಾಂಕು ಶಾಖೆಗಳಿವೆ, ಸಿಎ ಆಫೀಸುಗಳಿವೆ, ಕಾಲೇಜುಗಳೂ ಇವೆ. ಕಾಲೇಜು ಇರುವ ಒಂದು ಸಂಘ, ಮೂವತ್ತಕ್ಕೂ ಹೆಚ್ಚು ಕೆಲಸಗಾರರಿರುವ ಹತ್ತು ಹೋಟೆಲು ಮಾಲೀಕರು, ಒಂದು ಸಹಕಾರಿ ಬ್ಯಾಂಕು ಒಟ್ಟು ಸೇರಿದರೆ ಬಿಕಾಂನ ಐವತ್ತು ಮಕ್ಕಳಿಗೆ ಕಾನೂನುಬದ್ಧ ಅಪ್ರೆಂಟಿಸ್‌ಗಿರಿ ಕೊಡುವುದು ಕಷ್ಟವಲ್ಲ. ಬೆಳಿಗ್ಗೆ ಏಳರಿಂದ ಹತ್ತೂವರೆ ತರಗತಿ, ಹನ್ನೊಂದೂವರೆಯಿಂದ ಐದರವರೆಗೆ ಕೆಲಸ, ಶನಿವಾರ ಪೂರ್ತಿ ಕೆಟಿ ವಿಷಯಗಳ ಪಾಠ. ಕೆಲಸದ ಜಾಗ ಕಾಲೇಜಿನಿಂದ ಒಂದೇ ರಿಕ್ಷಾ ದೂರದೊಳಗೆ. ಐವತ್ತರಲ್ಲಿ ಅರ್ಧದಷ್ಟು ಸೀಟು ತುರ್ಭೆ, ದಿಘಾ, ಕಲ್ವಾ, ದಿವಾ ಕಡೆಯ ಮನೆಗಳಿಂದ ಬಂದವರಿಗೆ, ಜಾತಿ ಭಾಷೆ ಕೇಳದೆ. ಅರ್ಜಿ ಬರಲಿ ಎಂದು ಕಾಯದೆ, ಹನ್ನೆರಡನೆಯ ತರಗತಿಯ ಫಲಿತಾಂಶ ಬರುವ ಮೇ ತಿಂಗಳಲ್ಲಿ ಸಂಘದ ಇಬ್ಬರು ನಾಕಾಕ್ಕೆ, ವಸತಿಗಳಿಗೆ ಹೋಗಿ ಮಕ್ಕಳನ್ನು ಹುಡುಕಬೇಕು. ಬೆಳಗಿನ ಆರೂವರೆಗೆ ಹೋದರೆ ಕೆಲಸಕ್ಕೆ ಕಾದು ನಿಂತ ತಂದೆತಾಯಿ ಅಲ್ಲಿಯೇ ಸಿಗುತ್ತಾರೆ, ಕನ್ನಡದಲ್ಲಿ ಮಾತಾಡಿದರೆ ನಿಂತು ಕೇಳುತ್ತಾರೆ.